ದತ್ತಿಯಿಂದ ದಾಸ್ತಾನಿಗೆ: ಗ್ರಾಮೀಣ ಪ್ರೌಢಶಾಲೆಯ ಪುಸ್ತಕ ಮತ್ತು ವಿಜ್ಞಾನೋಪಕರಣಗಳ ಚರಿತ್ರೆ

1

ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ ಆಯೋಗಗಳ, ಸಂಸ್ಥೆಗಳ ಹಾಗೂ ಮಹನೀಯರ ಚರಿತ್ರೆಯಾಗಿದೆ. ಒಂದು ಶಾಲೆ ಯಾವ ಇಸವಿಯಲ್ಲಿ ಆರಂಭವಾಯಿತು, ಯಾರು ಆರಂಭಿಸಿದರು, ಕಟ್ಟಡಕ್ಕೆ ಯಾರು ಜಾಗ ಕೊಟ್ಟರು ಎಂಬ ಸಂಗತಿಗಳು ದಾಖಲಾಗಿವೆ. ಆದರೆ ಆ ಕಟ್ಟಡದ ಒಳಗೆ ಯಾವ ಪುಸ್ತಕಗಳಿದ್ದವು, ಯಾವ ಉಪಕರಣಗಳಿದ್ದವು, ಅವು ಯಾರ ಮೂಲಕ ಬಂದವು, ಬಂದ ಮೇಲೆ ಯಾರ ಕೈಗೆ ಸಿಕ್ಕವು, ಯಾರ ಕೈಗೆ ಸಿಗಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ನೇಗಿಲು, ಕೂರಿಗೆ, ಒನಕೆ, ಬೀಸುವ ಕಲ್ಲುಗಳ ಚರಿತ್ರೆಯಿಂದ ಒಂದು ಸಮುದಾಯದ ಬದುಕನ್ನು ಓದಲು ಜಾನಪದ ಅಧ್ಯಯನವು ನಮಗೆ ಕಲಿಸಿದೆ. ಅದೇ ಕ್ರಮವನ್ನು ಹಳ್ಳಿಯ ಪ್ರೌಢಶಾಲೆಯ ಪುಸ್ತಕದ ಬೀರುವಿಗೂ ವಿಜ್ಞಾನದ ಪೆಟ್ಟಿಗೆಗೂ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಎರಡು ಪದಗಳನ್ನು ಎದುರುಬದುರಾಗಿ ಇರಿಸಿಕೊಂಡಿದ್ದೇನೆ. ಒಂದು ‘ದತ್ತಿ’, ಇನ್ನೊಂದು ‘ದಾಸ್ತಾನು’. ದತ್ತಿ ಎಂದರೆ ಬಳಕೆಗಾಗಿ ಬಿಟ್ಟುಕೊಟ್ಟದ್ದು. ದಾಸ್ತಾನು ಎಂದರೆ ಲೆಕ್ಕಕ್ಕಾಗಿ ಕಾಪಾಡಿಕೊಳ್ಳಬೇಕಾದದ್ದು. ಹಳ್ಳಿಯ ಶಾಲೆಗೆ ಪುಸ್ತಕ ಮತ್ತು ಉಪಕರಣಗಳನ್ನು ಒದಗಿಸುವ ಕಾರ್ಯವು ಕಳೆದ ಒಂದೂವರೆ ಶತಮಾನದಲ್ಲಿ ಮೊದಲನೆಯದರಿಂದ ಎರಡನೆಯದರ ಕಡೆಗೆ ಸರಿದಿದೆ ಎಂಬುದು ನನ್ನ ವಾದ. ಈ ಪಲ್ಲಟದಿಂದ ಲಾಭಗಳೂ ಆಗಿವೆ, ನಷ್ಟವೂ ಆಗಿದೆ. ಎರಡನ್ನೂ ತೂಗಿ ನೋಡುವುದು ಅಗತ್ಯ.

2

ವಿದ್ಯೆಗೆ ಬೇಕಾದ ಸಾಮಗ್ರಿಯನ್ನು ಸಮುದಾಯವೇ ಒದಗಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಹಳೆಯದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಅಲ್ಲಿನ ವಿದ್ಯಾಶಾಲೆಗೆ ಬಿಟ್ಟ ದತ್ತಿಯ ವಿವರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಅವರ ನಿರ್ವಹಣೆಗೆ ಭೂಮಿ, ಉಪಾಧ್ಯಾಯನಿಗೆ ಭೂಮಿ. ಇವುಗಳ ಜೊತೆಗೆ ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ. ದೀಪ ಇಲ್ಲದಿದ್ದರೆ ರಾತ್ರಿ ಓದಿಲ್ಲ ಎಂಬುದು ಕೊಟ್ಟವರಿಗೆ ತಿಳಿದಿತ್ತು. ಅದಕ್ಕಿಂತ ಮುಖ್ಯವಾದದ್ದು ಊರಿನವರು ತಮಗೆ ತಾವೇ ವಿಧಿಸಿಕೊಂಡ ಕಟ್ಟಳೆ: ಮದುವೆ ನಡೆದಾಗ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸಬೇಕು. ಇದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನವಲ್ಲ. ಊರಿನಲ್ಲಿ ಮದುವೆ ಮುಂಜಿಗಳು ನಡೆಯುವವರೆಗೂ ಶಾಲೆಗೆ ಸಲ್ಲುತ್ತಲೇ ಇರುವ ದಾನ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಶಾಸನ ಕ್ರಿ.ಶ. 1058ರದು. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನನು ಸ್ಥಾಪಿಸಿದ ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ 200 ಮತ್ತು ಶಾಸ್ತ್ರಾಧ್ಯಯನದ 50 ವಿದ್ಯಾರ್ಥಿಗಳಿಗೆ ವ್ಯವಸ್ಥೆಯಿತ್ತು. ಉಪಾಧ್ಯಾಯರ ಜೊತೆಯಲ್ಲಿ 6 ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರು. ಅವರಿಗೂ ಜೀವನೋಪಾಯ ಕಲ್ಪಿಸಲಾಗಿತ್ತು. ಪುಸ್ತಕವನ್ನು ಇಟ್ಟರೆ ಸಾಲದು, ಅದನ್ನು ನೋಡಿಕೊಳ್ಳುವ, ತೆಗೆದುಕೊಡುವ ಮನುಷ್ಯನೂ ಬೇಕು ಎಂಬ ತಿಳಿವಳಿಕೆ ಈ ದತ್ತಿಯ ಹಿಂದಿದೆ.

ಆದರೆ ಈ ಶಾಸನಗಳನ್ನು ಮೆಚ್ಚುವಾಗ ಒಂದು ಸತ್ಯವನ್ನು ಮರೆಯುವಂತಿಲ್ಲ. ಈ ವಿದ್ಯಾಸ್ಥಾನಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಭೂಮಿಯನ್ನು ಉತ್ತು ಬೆಳೆದವರ ಮಕ್ಕಳು ಆ ದೀಪದ ಬೆಳಕಿನಲ್ಲಿ ಕುಳಿತು ಓದಿದವರಲ್ಲ. ಆದ್ದರಿಂದ ದತ್ತಿಯ ಕಾಲವನ್ನು ಸುವರ್ಣಯುಗವೆಂದು ಕರೆಯುವ ಉತ್ಸಾಹ ನನಗಿಲ್ಲ. ಕೊಡುವ ಕ್ರಮದಲ್ಲಿದ್ದ ವಿವೇಕವನ್ನು ಮಾತ್ರ ಇಲ್ಲಿ ಗುರುತಿಸುತ್ತಿದ್ದೇನೆ.

3

ಹತ್ತೊಂಬತ್ತನೆಯ ಶತಮಾನದ ಹಳ್ಳಿಗಳಲ್ಲಿದ್ದ ಕೂಲಿಮಠಗಳಲ್ಲಿ ಸಾಮಗ್ರಿಯ ಪ್ರಶ್ನೆಯೇ ಇನ್ನೊಂದು ರೀತಿಯದಾಗಿತ್ತು. ನೆಲದ ಮೇಲೆ ಹರಡಿದ ಮರಳು, ಬೆರಳು. ಅನಂತರ ಕಡತ ಮತ್ತು ಬಳಪ. ಮುಂದುವರಿದವರಿಗೆ ಓಲೆಗರಿ ಮತ್ತು ಕಂಠ. ಕಡತವನ್ನು ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಬಳಿದು ಸಿದ್ಧಪಡಿಸುತ್ತಿದ್ದರು. ಬರೆದದ್ದು ಅಳಿಸಿಹೋದರೆ ಮತ್ತೆ ಬಳಿದು ಮತ್ತೆ ಬರೆಯಬಹುದಾಗಿತ್ತು. ಮರಳು ಹೊಳೆಯದು, ಹುಣಿಸೆಬೀಜ ಮನೆಯದು, ಇದ್ದಿಲು ಒಲೆಯದು. ಸಾಮಗ್ರಿ ಮುಗಿದುಹೋಗುವ ಭಯ ಅಲ್ಲಿರಲಿಲ್ಲ. ಕಾಗುಣಿತ, ಮಗ್ಗಿ, ಕೋಷ್ಟಕಗಳಿಂದ ಹಿಡಿದು ಅಮರಕೋಶ, ಜೈಮಿನಿ ಭಾರತಗಳವರೆಗಿನ ಪಾಠ ಕಂಠಸ್ಥವಾಗಿಯೇ ಸಾಗುತ್ತಿತ್ತು. ಅಯ್ಯನವರ ಶಿಕ್ಷೆಯ ಕ್ರೌರ್ಯವನ್ನು ಕುರಿತು ಹಳಬರು ಹೇಳುವ ಕಥೆಗಳೂ ಸುಳ್ಳಲ್ಲ.

ಈ ಶಾಲೆಗಳನ್ನು ಊರು ಸಾಕುತ್ತಿದ್ದ ರೀತಿಗೆ ಮಹಾನವಮಿಯ ಚೌಪದಗಳು ಸಾಕ್ಷಿಯಾಗಿವೆ. ನವರಾತ್ರಿಯ ದಿನಗಳಲ್ಲಿ ಅಯ್ಯನವರು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಅಲಂಕರಿಸಿದ ಬಿಲ್ಲುಬಾಣಗಳನ್ನು ಹಿಡಿದು ಚೌಪದಗಳನ್ನು ಹಾಡಿ ಮನೆಯವರಿಗೆ ಶುಭ ಕೋರುತ್ತಿದ್ದರು. ಮನೆಯವರು ಕಾಳುಕಡ್ಡಿ, ಹಣ, ಬಟ್ಟೆಗಳನ್ನು ನೀಡುತ್ತಿದ್ದರು. ಜಾನಪದ ಸಂಗ್ರಾಹಕರು ಚೌಪದಗಳನ್ನು ಹಾಡಿನ ಪ್ರಕಾರವೆಂದು ಸಂಗ್ರಹಿಸಿದ್ದಾರೆ. ಆದರೆ ಅವು ಶಾಲೆಯ ಆಯವ್ಯಯದ ಪ್ರಕಾರವೂ ಹೌದು ಎಂಬ ಕಡೆಗೆ ನಮ್ಮ ಗಮನ ಹರಿದಿಲ್ಲ. ವರ್ಷಕ್ಕೊಮ್ಮೆ ಶಾಲೆಯು ಊರಿನ ಮುಂದೆ ನಿಂತು, ತಾನು ಕಲಿಸಿದ್ದನ್ನು ತೋರಿಸಿ, ತನಗೆ ಬೇಕಾದದ್ದನ್ನು ಕೇಳಿ ಪಡೆಯುವ ಕ್ರಮ ಅದು. ಸಾಲೋಟಗಿಯ ಮದುವೆಯ ಕಾಣಿಕೆಗೂ ಚೌಪದದ ಕಾಣಿಕೆಗೂ ನಡುವೆ ಒಂಬತ್ತು ಶತಮಾನಗಳ ಅಂತರವಿದ್ದರೂ ತತ್ತ್ವ ಒಂದೇ: ಮತ್ತೆ ಮತ್ತೆ ಕೊಡುವುದು.

4

1854ರ ವುಡ್ ಶಿಕ್ಷಣ ನಿರೂಪದ ತರುವಾಯ ಸರ್ಕಾರದ ಇಲಾಖೆಗಳು ಹುಟ್ಟಿಕೊಂಡವು. ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಬಿ.ಎಲ್. ರೈಸ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಜಾರಿಗೆ ಬಂತು. ಇಲಾಖೆಯ ಶಾಲೆಯೊಂದಿಗೆ ಅಚ್ಚಾದ ಪಠ್ಯಪುಸ್ತಕವೂ ಹಳ್ಳಿಗೆ ಬಂದಿತು. ಅದಕ್ಕೆ ಮೊದಲೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯವನ್ನು ಆರಂಭಿಸಿ ಶಾಲಾಪುಸ್ತಕಗಳ ಮುದ್ರಣಕ್ಕೆ ದಾರಿ ಮಾಡಿತ್ತು. ಧಾರವಾಡದಲ್ಲಿ 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಗ್ರಂಥರಚನೆಗೆ ಪ್ರೋತ್ಸಾಹ ನೀಡಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆಯನ್ನು ಆರಂಭಿಸಿತು.

ಅಚ್ಚಾದ ಪುಸ್ತಕ ಹಳ್ಳಿಗೆ ತಲಪುವ ದಾರಿ ಸುಲಭವಾಗಿರಲಿಲ್ಲ. ಸ್ವತಃ ಶಾಲಾ ಶಿಕ್ಷಕರಾಗಿದ್ದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರ ನೆನಪಿನಲ್ಲಿ ಉಳಿದಿದೆ. ಅದನ್ನು ನಾವು ಲೇಖಕನೊಬ್ಬನ ಬಡತನದ ಕಥೆಯಾಗಿ ಹೇಳುವುದುಂಟು. ಪುಸ್ತಕ ವಿತರಣೆಯ ವ್ಯವಸ್ಥೆಯೇ ಇಲ್ಲದ ನಾಡಿನ ಕಥೆಯಾಗಿಯೂ ಅದನ್ನು ಓದಬೇಕು.

ಇಲಾಖೆಯ ಶಾಲೆ ತಂದ ದೊಡ್ಡ ಬದಲಾವಣೆಯೆಂದರೆ ತಾತ್ತ್ವಿಕವಾಗಿಯಾದರೂ ಅದು ಎಲ್ಲರ ಶಾಲೆಯಾಗಬೇಕಾಗಿದ್ದುದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರವು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಸಾಮಾನ್ಯ ಶಾಲೆಗಳ ಬಾಗಿಲು ತೆರೆಯಲು ಮುಂದಾದಾಗ ಬಲವಾದ ವಿರೋಧ ಎದುರಾಯಿತು. ದತ್ತಿಯ ಶಾಲೆಗೆ ದಾನಿಯ ಇಷ್ಟಾನಿಷ್ಟಗಳು ಗಡಿಯಾಗಿದ್ದವು. ಇಲಾಖೆಯ ಶಾಲೆಗೆ ಅಂಥ ಗಡಿಯನ್ನು ದಾಟುವ ಅಧಿಕಾರವಿತ್ತು. ಪುಸ್ತಕವಾಗಲಿ ಉಪಕರಣವಾಗಲಿ ಸರ್ಕಾರದಿಂದ ಬರಬೇಕು ಎಂಬ ಬೇಡಿಕೆಯ ಹಿಂದೆ ಈ ನ್ಯಾಯದ ಪ್ರಶ್ನೆಯಿದೆ. ದಾಸ್ತಾನು ಪದ್ಧತಿಯನ್ನು ಟೀಕಿಸುವವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು.

5

ವಿಜ್ಞಾನದ ವಿಷಯಕ್ಕೆ ಬಂದರೆ, ಉಪಕರಣಕ್ಕೆ ಮೊದಲು ಭಾಷೆ ಬೇಕಾಗಿತ್ತು. ಹೈಸ್ಕೂಲಿನ ವಿಜ್ಞಾನ ಬಹುಕಾಲ ಇಂಗ್ಲಿಷಿನಲ್ಲಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ 1918ರಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಅದು ಎರಡು ವರ್ಷಗಳ ಕಾಲ ಮಾತ್ರ ನಡೆಯಿತು. ಮುಂದೆ ಪಂಪಭಾರತವನ್ನು ಸಂಪಾದಿಸಿದ ವಿದ್ವಾಂಸರೂ ಇದೇ ವೆಂಕಟನಾರಣಪ್ಪನವರೇ. ಹಳಗನ್ನಡ ಮತ್ತು ಹೊಸ ವಿಜ್ಞಾನ ಪರಸ್ಪರ ಶತ್ರುಗಳೆಂಬ ಭಾವನೆ ಆ ತಲೆಮಾರಿನ ಹಿರಿಯರಿಗೆ ಇರಲಿಲ್ಲ.

1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಸುಲಭಬೆಲೆಯ ಕಿರುಹೊತ್ತಗೆಗಳಾಗಿ ಹಳ್ಳಿಗಳನ್ನು ತಲಪತೊಡಗಿದವು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಹೊರತಂದರು. 1946ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪಾರಿಭಾಷಿಕ ಪದಗಳಿಗೆ ಆಧಾರವಾಯಿತು. ನಿರಂಜನರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಬಂದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶದ ಏಳು ಸಂಪುಟಗಳು ಪ್ರೌಢಶಾಲೆಯ ಗ್ರಂಥಾಲಯಕ್ಕೆಂದೇ ಹೇಳಿಮಾಡಿಸಿದಂತಿದ್ದವು. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡಿತು. ಹೀಗೆ ಆರು ದಶಕಗಳ ಶ್ರಮದಿಂದ ಹಳ್ಳಿಯ ಹುಡುಗ ಹುಡುಗಿಯರು ತಮ್ಮ ಭಾಷೆಯಲ್ಲಿಯೇ ಓದಬಹುದಾದ ವಿಜ್ಞಾನ ಸಾಹಿತ್ಯ ಸಿದ್ಧವಾಯಿತು. ಅದು ಅವರ ಕೈಗೆ ಬಂದಿತೇ ಎಂಬುದು ಮುಂದಿನ ಪ್ರಶ್ನೆ.

6

ಸ್ವಾತಂತ್ರ್ಯಾನಂತರ, ವಿಶೇಷವಾಗಿ 1956ರ ಏಕೀಕರಣದ ತರುವಾಯ, ಹಳ್ಳಿಗಳಲ್ಲಿ ಪ್ರೌಢಶಾಲೆಗಳು ವ್ಯಾಪಕವಾಗಿ ತಲೆಯೆತ್ತಿದವು. 1952-53ರ ಮೊದಲಿಯಾರ್ ಆಯೋಗವು ಪ್ರೌಢಶಿಕ್ಷಣದಲ್ಲಿ ಸಾಮಾನ್ಯ ವಿಜ್ಞಾನಕ್ಕೂ ಶಾಲಾ ಗ್ರಂಥಾಲಯಕ್ಕೂ ಮಹತ್ತ್ವ ನೀಡಿತು. 1964-66ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷಗಳ ಶಾಲಾಶಿಕ್ಷಣದಲ್ಲಿ ವಿಜ್ಞಾನ ಮತ್ತು ಗಣಿತ ಎಲ್ಲರಿಗೂ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. ವಿಜ್ಞಾನ ಕಡ್ಡಾಯವಾದ ಮೇಲೆ ಪ್ರಯೋಗಶಾಲೆಯೂ ಕಡ್ಡಾಯವಾಗಬೇಕಷ್ಟೆ.

ಈ ಘಟ್ಟದಲ್ಲಿ ಹಳ್ಳಿ ಮತ್ತು ಸರ್ಕಾರದ ನಡುವೆ ಒಂದು ಅಲಿಖಿತ ಹಂಚಿಕೆ ನಡೆದುದನ್ನು ಕಾಣುತ್ತೇವೆ. ಜಾಗ, ಕಲ್ಲು, ಮರ, ಗಾಡಿಬಾಡಿಗೆ, ಆಳಿನ ದುಡಿಮೆ ಊರಿನವು. ಉಪಾಧ್ಯಾಯರು, ಪುಸ್ತಕ, ಉಪಕರಣ ಇಲಾಖೆಯವು. ಹಳ್ಳಿಯ ದಾನಿ ಕಟ್ಟಡಕ್ಕೆ ಕೊಟ್ಟ ಉತ್ಸಾಹದಿಂದ ಪುಸ್ತಕಕ್ಕೆ ಕೊಡಲಿಲ್ಲ. ಇದಕ್ಕೆ ಸಾಂಸ್ಕೃತಿಕ ಕಾರಣವಿದೆ. ಕೆರೆ, ಕಟ್ಟೆ, ಗುಡಿ, ಅರವಟ್ಟಿಗೆಗಳ ಪರಂಪರೆಯಲ್ಲಿ ಬೆಳೆದ ನಮ್ಮ ದಾನದ ಕಲ್ಪನೆ ಕಣ್ಣಿಗೆ ಕಾಣುವ, ಹೆಸರು ಕೆತ್ತಬಹುದಾದ ಸ್ಥಿರವಸ್ತುವನ್ನು ಬಯಸುತ್ತದೆ. ಕೊಠಡಿಯ ಬಾಗಿಲ ಮೇಲಿನ ಕಲ್ಲು ದಾನಿಯ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಪ್ರನಾಳ ಒಡೆಯುತ್ತದೆ, ಪುಸ್ತಕ ಹರಿಯುತ್ತದೆ, ರಾಸಾಯನಿಕ ಮುಗಿಯುತ್ತದೆ. ಒಡೆಯುವ ವಸ್ತುವಿನ ಮೇಲೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಸಾಲೋಟಗಿಯವರು ಮುಗಿದುಹೋಗುವ ದೀಪದೆಣ್ಣೆಗೂ ಭೂಮಿ ಬಿಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಇತ್ತ ಇಲಾಖೆಯಿಂದ ಬಂದ ಸಾಮಗ್ರಿಗೆ ಬೇರೆಯೇ ವಿಧಿ ಕಾದಿತ್ತು. ದೇಶದ ಶಾಲಾ ವಿಜ್ಞಾನೋಪಕರಣಗಳ ತಯಾರಿಕೆಗೆ ಹರಿಯಾಣದ ಅಂಬಾಲಾ ಹೆಸರಾದ ಊರು. ಹುಲ್ಲಿನಲ್ಲಿ ಹುದುಗಿ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದ ಗಾಜಿನ ಸಾಮಾನುಗಳು, ಭೌತತುಲೆ, ಚಿಮುಟದೊಡನೆ ಜೋಡಿಸಿಟ್ಟ ತೂಕದ ಬಟ್ಟುಗಳು, ಮಸೂರ, ಪಟ್ಟಕ, ದಂಡಕಾಂತ, ಸ್ಪಿರಿಟ್ ದೀಪ, ಅಪರೂಪಕ್ಕೆ ಒಂದು ಸೂಕ್ಷ್ಮದರ್ಶಕ, ಇವೆಲ್ಲವೂ ಶಾಲೆಗೆ ಬಂದ ದಿನವೇ ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಪಡೆಯುತ್ತಿದ್ದವು. ಮುಖ್ಯೋಪಾಧ್ಯಾಯರಿಗೆ ವರ್ಗವಾದಾಗ ಪ್ರಭಾರಪಟ್ಟಿಯ ಪ್ರಕಾರ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಒಡೆದದ್ದಕ್ಕೆ ವಿವರಣೆ, ಕಳೆದದ್ದಕ್ಕೆ ವಸೂಲಿಯ ಭೀತಿ. ಬಳಸಿದವನಿಗೆ ತೊಂದರೆ, ಬಳಸದವನಿಗೆ ನೆಮ್ಮದಿ ಎಂಬ ವಿಚಿತ್ರ ವ್ಯವಸ್ಥೆ ಹೀಗೆ ನೆಲೆಗೊಂಡಿತು. ಬೀಗ ಹಾಕಿದ ಬೀರು ಶಿಕ್ಷಕರ ಸೋಮಾರಿತನದ ಫಲ ಮಾತ್ರವಲ್ಲ. ಅದು ಲೆಕ್ಕದ ಪದ್ಧತಿಯೇ ಕಲಿಸಿದ ಜಾಣತನ.

1990ರ ದಶಕದಲ್ಲಿ ನಾನು ಓದಿದ ಪ್ರೌಢಶಾಲೆಯಲ್ಲಿಯೂ ಅಂಥ ಒಂದು ಬೀರು ಇತ್ತು. ಗಾಜಿನ ಬಾಗಿಲಿನ ಹಿಂದೆ ಸೂಕ್ಷ್ಮದರ್ಶಕದ ಪೆಟ್ಟಿಗೆ ಕಾಣುತ್ತಿತ್ತು. ಮೂರು ವರ್ಷಗಳಲ್ಲಿ ಅದು ಒಮ್ಮೆಯೂ ಹೊರಬರಲಿಲ್ಲ. ಈರುಳ್ಳಿ ಸಿಪ್ಪೆಯ ಜೀವಕೋಶದ ಚಿತ್ರವನ್ನು ನಾವು ಹಲಗೆಯಿಂದ ನೋಡಿ ಬರೆದೆವು, ಪರೀಕ್ಷೆಯಲ್ಲಿಯೂ ಬರೆದೆವು, ಅಂಕಗಳನ್ನೂ ಪಡೆದೆವು. ಹತ್ತನೆಯ ತರಗತಿಯ ಅನಂತರ ನನ್ನ ಸಹಪಾಠಿ ಹುಡುಗಿಯರಲ್ಲಿ ಹೆಚ್ಚಿನವರ ಓದು ನಿಂತಿತು. ಅವರಿಗೆ ಜೀವಮಾನದಲ್ಲಿ ಜೀವಕೋಶವನ್ನು ಕಣ್ಣಾರೆ ಕಾಣುವ ಅವಕಾಶ ಅದೊಂದೇ ಆಗಿತ್ತು. ಅದು ಎರಡು ಮೊಳ ದೂರದಲ್ಲಿ ಗಾಜಿನ ಹಿಂದೆ ಉಳಿಯಿತು. ಮುಂದೆ ಕಾಲೇಜಿಗೆ ಹೋಗುವವರಿಗೆ ಪ್ರೌಢಶಾಲೆಯ ಪ್ರಯೋಗ ತಪ್ಪಿದರೆ ಇನ್ನೊಂದು ಅವಕಾಶವಿರುತ್ತದೆ. ಹೋಗದವರಿಗೆ ಇರುವುದಿಲ್ಲ. ಆದ್ದರಿಂದ ಹಳ್ಳಿಯ ಪ್ರೌಢಶಾಲೆಯ ಪೆಟ್ಟಿಗೆಗೆ ಪಟ್ಟಣದ ಕಾಲೇಜಿನ ಪ್ರಯೋಗಶಾಲೆಗಿಂತ ಹೆಚ್ಚಿನ ಹೊಣೆಯಿದೆ.

7

ಕ್ಷೇತ್ರಕಾರ್ಯದ ನಿಮಿತ್ತ ಆಯುಧಪೂಜೆಯ ದಿನಗಳಲ್ಲಿ ಹಳ್ಳಿಗಳನ್ನು ಸುತ್ತುವಾಗ ಕಂಡ ಒಂದು ದೃಶ್ಯವನ್ನು ಇಲ್ಲಿ ದಾಖಲಿಸಬೇಕು. ಶಾಲೆಯೊಂದರಲ್ಲಿ ಬೀರುವಿನಲ್ಲಿದ್ದ ಭೌತತುಲೆ, ದಂಡಕಾಂತ, ಗೋಳ, ಸೂಕ್ಷ್ಮದರ್ಶಕಗಳನ್ನು ಹೊರತೆಗೆದು, ಧೂಳೊರಸಿ, ಮೇಜಿನ ಮೇಲೆ ಜೋಡಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಲಾಯಿತು. ಮಕ್ಕಳು ಕೈಮುಗಿದು ನಿಂತರು. ಪ್ರಸಾದ ವಿನಿಯೋಗವಾದ ಮೇಲೆ ಎಲ್ಲವೂ ಮತ್ತೆ ಬೀರು ಸೇರಿದವು.

ಇದನ್ನು ನೋಡಿ ನಗುವುದು ಸುಲಭ. ಆದರೆ ಆಯುಧಪೂಜೆಯ ಮೂಲ ಆಶಯವನ್ನು ಗಮನಿಸಬೇಕು. ಒಕ್ಕಲಿಗನು ನೇಗಿಲನ್ನು, ಕಮ್ಮಾರನು ತಿದಿಯನ್ನು, ನೇಯ್ಗೆಯವನು ಮಗ್ಗವನ್ನು ಪೂಜಿಸುವುದು ಅವು ವರ್ಷವೆಲ್ಲ ದುಡಿದಿವೆ ಎಂಬ ಕೃತಜ್ಞತೆಯಿಂದ. ಪೂಜೆಯ ದಿನ ಅವುಗಳಿಗೆ ವಿಶ್ರಾಂತಿ; ಮರುದಿನ ಮತ್ತೆ ಕೆಲಸ. ಶಾಲೆಯ ಉಪಕರಣದ ವಿಷಯದಲ್ಲಿ ಈ ಕ್ರಮ ತಿರುಗುಮುರುಗಾಗಿದೆ: ವರ್ಷವೆಲ್ಲ ವಿಶ್ರಾಂತಿ, ಪೂಜೆಯ ದಿನ ಮಾತ್ರ ಹೊರಗೆ. ದುಡಿಯದ ಆಯುಧಕ್ಕೆ ಪೂಜೆ ಸಲ್ಲುವುದನ್ನು ಜನಪದರು ಒಪ್ಪುವವರಲ್ಲ. ಸಂಪ್ರದಾಯ ಅಲ್ಲಿ ವಿಜ್ಞಾನಕ್ಕೆ ಅಡ್ಡಿಯಾಗಿರಲಿಲ್ಲ. ಸಂಪ್ರದಾಯದ ಅರ್ಥವೇ ಅಲ್ಲಿ ಕಳೆದುಹೋಗಿತ್ತು.

8

ಬೀಗವನ್ನು ತೆರೆಯುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ಪ್ರಯೋಗಶಾಲೆಗಳನ್ನು ಕಳೆದುಕೊಂಡ ದೇಶಗಳ ಶಿಕ್ಷಕರಿಗಾಗಿ ಯುನೆಸ್ಕೋ 1948ರಲ್ಲಿ ಪ್ರಕಟಿಸಿದ ಸಲಹೆಗಳ ಕಿರುಪುಸ್ತಕವೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ಆಕರಗ್ರಂಥವಾಯಿತು. ಕೈಗೆ ಸಿಗುವ ವಸ್ತುಗಳಿಂದಲೇ ಉಪಕರಣಗಳನ್ನು ಮಾಡಿಕೊಳ್ಳುವ ವಿಧಾನ ಅದರ ಜೀವಾಳ. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 1972ರಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮವನ್ನು ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. ನಾಲ್ಕು ನಾಲ್ಕು ಮಕ್ಕಳ ಗುಂಪಿಗೆ ಸಾಮಗ್ರಿ ಕೊಟ್ಟು, ಪ್ರಯೋಗವನ್ನು ಅವರಿಂದಲೇ ಮಾಡಿಸಿ, ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯಿಸಿದ ಕಾರ್ಯಕ್ರಮ ಅದು. ಉಪಕರಣ ಒಡೆಯುವುದು ಕಲಿಕೆಯ ಭಾಗ, ಪ್ರತಿವರ್ಷ ಮತ್ತೆ ತುಂಬಿಕೊಡಬೇಕು ಎಂಬ ಒಪ್ಪಂದ ಅದರ ಬುನಾದಿಯಲ್ಲಿತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತಾದರೂ ಮೂವತ್ತು ವರ್ಷಗಳ ಆ ಅನುಭವ ಉಳಿದಿದೆ.

ಜನಪದ ಕಲೆಗಳ ದೃಷ್ಟಿಯಿಂದ 1987ರ ಭಾರತ ಜನ ವಿಜ್ಞಾನ ಜಾಥಾ ಗಮನಾರ್ಹವಾದುದು. ದೇಶದ ಬೇರೆ ಬೇರೆ ಮೂಲೆಗಳಿಂದ ಹೊರಟು ಭೋಪಾಲದಲ್ಲಿ ಸಮಾಪ್ತವಾದ ಈ ಜಾಥಾ ಹಾಡು ಮತ್ತು ಬೀದಿನಾಟಕಗಳ ಮೂಲಕ ವಿಜ್ಞಾನವನ್ನು ಹಳ್ಳಿಯ ಅಂಗಳಕ್ಕೆ ತಂದಿತು. ಶಾಲೆಯು ಊರಿನ ಮುಂದೆ ಹಾಡುತ್ತ ನಿಲ್ಲುವ ಚೌಪದದ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಿರಬಹುದು, ಆದರೆ ಅರ್ಥಪೂರ್ಣವಾದುದು.

ನಮ್ಮವರಲ್ಲಿ ಡಾ. ಎಚ್. ನರಸಿಂಹಯ್ಯನವರ ಬದುಕು ಈ ಚರಿತ್ರೆಯ ಸಾರದಂತಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು 1935ರಲ್ಲಿ ಪ್ರೌಢಶಾಲೆಗೆ ಸೇರಲು ಬೆಂಗಳೂರಿಗೆ ನಡೆದೇ ಬಂದರು. ಊರಿನಲ್ಲಿ ಪ್ರೌಢಶಾಲೆಯಿರಲಿಲ್ಲ, ಬಸ್ಸಿಗೆ ಹಣವಿರಲಿಲ್ಲ. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜವಿಜ್ಞಾನದಲ್ಲಿ ಸಂಶೋಧನೆ ನಡೆಸಿ ಮರಳಿದ ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪನೆಗೆ ಕಾರಣರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ ಅವರ ಗಮನ ತಾವು ನಡೆದುಬಂದ ದಾರಿಯ ಕಡೆಗೇ ಇತ್ತು. ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಯಲ್ಲಿ ನ್ಯಾಷನಲ್ ವಿದ್ಯಾಸಂಸ್ಥೆಗಳು ಬೇರೂರಲು ಅವರು ದುಡಿದರು. ಮಗು ಶಾಲೆಗಾಗಿ ಅಷ್ಟು ದೂರ ನಡೆಯಬಾರದು, ಶಾಲೆಯೇ ಮಗುವಿನ ಹತ್ತಿರ ಬರಬೇಕು ಎಂಬ ತತ್ತ್ವವನ್ನು ಅವರ ಈ ಕೆಲಸದಲ್ಲಿ ಕಾಣಬಹುದು. 2005ರಲ್ಲಿ ಅವರು ನಿಧನರಾದರು.

9

ಹಳ್ಳಿಯಲ್ಲಿಯೇ ವಿಜ್ಞಾನದ ಸಾಮಗ್ರಿ ಸಾಕಷ್ಟಿದೆ ಎಂದು ಜಾನಪದ ವಿದ್ವಾಂಸರಾದ ನಾವು ಹೆಮ್ಮೆಯಿಂದ ಹೇಳುವುದುಂಟು. ಅದು ನಿಜ. ಆರತಿಯ ಓಕುಳಿ ಅರಿಸಿನ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದು. ಪ್ರತ್ಯಾಮ್ಲವನ್ನು ಗುರುತಿಸುವ ಸೂಚಕದ ಪಾಠ ಪ್ರತಿ ಮನೆಯ ಹೊಸ್ತಿಲಲ್ಲಿಯೇ ಇದೆ. ಓಕುಳಿಗೆ ಹುಣಿಸೆ ಹುಳಿಯನ್ನು ಹಿಂಡಿದರೆ ಬಣ್ಣ ಮತ್ತೆ ಹಳದಿಗೆ ತಿರುಗುತ್ತದೆ. ಏತವು ಸನ್ನೆಗೋಲು, ಗಳಿಗೆ ಬಟ್ಟಲು ಕಾಲಮಾಪಕ, ಚಿಲ್ಲದ ಬೀಜವನ್ನು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುವುದು ಜಲಶುದ್ಧಿಯ ಪ್ರಯೋಗ, ಸೇರು, ಬಳ್ಳ, ಕೊಳಗಗಳು ಗಾತ್ರದ ಅಳತೆಗಳು. ಇವುಗಳಿಂದ ಪಾಠ ಆರಂಭಿಸುವ ಶಿಕ್ಷಕನ ತರಗತಿಯಲ್ಲಿ ಮಗು ತನ್ನ ಮನೆಯನ್ನು ಬಿಟ್ಟು ಬಂದಂತೆ ಭಾವಿಸುವುದಿಲ್ಲ.

ಆದರೆ ಈ ಮಾತಿನಲ್ಲಿ ಒಂದು ಅಪಾಯವೂ ಅಡಗಿದೆ. ‘ಹಳ್ಳಿಯ ಮಕ್ಕಳಿಗೆ ಕಡ್ಡಿ ಕಲ್ಲುಗಳೇ ಸಾಕು’ ಎಂಬುದು ಬಹುಬೇಗ ಕೊಡದಿರುವುದಕ್ಕೆ ನೆಪವಾಗಿಬಿಡುತ್ತದೆ. ಓಕುಳಿಯಿಂದ ಸೂಚಕವನ್ನು ಕಲಿಯಬಹುದು. ಆದರೆ ಕೆರೆಯ ನೀರಿನ ಹನಿಯಲ್ಲಿರುವ ಜೀವಿಗಳನ್ನು ಓಕುಳಿ ತೋರಿಸಲಾರದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ವಾಂತಿಭೇದಿ ಬಂದಾಗ ಮಾರಿಗೆ ಹರಕೆ ಹೊರುತ್ತಿದ್ದ ಊರಿನ ಮಗು ಆ ಹನಿಯನ್ನು ಒಮ್ಮೆ ನೋಡಿದರೆ ಆಗುವ ಅರಿವು ನೂರು ಭಾಷಣಗಳಿಂದ ಆಗದು. ಪಟ್ಟಣದ ಮಗುವಿಗೆ ಯಂತ್ರ, ಹಳ್ಳಿಯ ಮಗುವಿಗೆ ಪರಂಪರೆ ಎಂಬ ಹಂಚಿಕೆಯನ್ನು ಜಾನಪದದ ಹೆಸರಿನಲ್ಲಿ ನಾವು ಸಮರ್ಥಿಸಬಾರದು. ಇಬ್ಬರಿಗೂ ಎರಡೂ ಸಲ್ಲಬೇಕು.

10

1980ರ ದಶಕದ ಉತ್ತರಾರ್ಧದಿಂದ ಯೋಜನೆಗಳಿಗೆ ಕೊರತೆಯಾಗಿಲ್ಲ. ಪ್ರಾಥಮಿಕ ಶಾಲೆಗಳಿಗೆ 1987ರಲ್ಲಿ ಕಪ್ಪುಹಲಗೆ ಕಾರ್ಯಾಚರಣೆ, ಅದೇ ಕಾಲಕ್ಕೆ ಶಾಲಾ ವಿಜ್ಞಾನ ಶಿಕ್ಷಣ ಸುಧಾರಣೆಯ ಕೇಂದ್ರ ಯೋಜನೆ, 2009ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು, 2018ರಲ್ಲಿ ಸಮಗ್ರ ಶಿಕ್ಷಣ. ಸಂಚಾರಿ ವಿಜ್ಞಾನ ವಾಹನಗಳೂ ಹಳ್ಳಿಗಳಿಗೆ ಬಂದಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಆರಂಭವಾದ ಗ್ರಂಥಾಲಯ ಜಾಲವು ಗ್ರಾಮ ಪಂಚಾಯಿತಿಯವರೆಗೂ ವಿಸ್ತರಿಸಿ ‘ಅರಿವು ಕೇಂದ್ರ’ಗಳಾಗಿ ಹೊಸ ರೂಪ ಪಡೆದಿದೆ. ಒದಗಿಸುವ ಕಾರ್ಯ ಹಿಂದಿಗಿಂತ ಎಷ್ಟೋ ಮುಂದೆ ಸಾಗಿದೆ ಎಂಬುದನ್ನು ಒಪ್ಪಬೇಕು.

ಈ ಎಲ್ಲ ಯೋಜನೆಗಳ ಮುಂದೆ ಹಳೆಯ ಶಾಸನಗಳು ಮೂರು ಪ್ರಶ್ನೆಗಳನ್ನು ಇಡುತ್ತವೆ. ಮೊದಲನೆಯದು: ಒಡೆದದ್ದನ್ನು, ಮುಗಿದದ್ದನ್ನು ಮತ್ತೆ ತುಂಬುವ ವ್ಯವಸ್ಥೆ ಯಾವುದು? ಸಾಲೋಟಗಿಯ ಮದುವೆಯ ನಾಣ್ಯವೂ ಕೂಲಿಮಠದ ಚೌಪದವೂ ಅದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದವು. ಎರಡನೆಯದು: ಪುಸ್ತಕವನ್ನೂ ಉಪಕರಣವನ್ನೂ ನೋಡಿಕೊಳ್ಳುವ ಮನುಷ್ಯ ಯಾರು? ಸಾವಿರ ವರ್ಷಗಳ ಹಿಂದೆ ನಾಗಾವಿಯಲ್ಲಿ 250 ವಿದ್ಯಾರ್ಥಿಗಳಿಗೆ 6 ಜನ ಸರಸ್ವತೀ ಭಂಡಾರಿಗರಿದ್ದರು. ಅಷ್ಟೇ ಮಕ್ಕಳಿರುವ ಹಳ್ಳಿಯ ಪ್ರೌಢಶಾಲೆಯಲ್ಲಿ ಆ ಕೆಲಸ ಸಾಮಾನ್ಯವಾಗಿ ಪಾಠ ಹೇಳುವ ಶಿಕ್ಷಕರಲ್ಲೊಬ್ಬರ ತಲೆಯ ಮೇಲಿನ ಹೆಚ್ಚುವರಿ ಹೊರೆ. ಮೂರನೆಯದು, ಶಾಸನಗಳೇ ಉತ್ತರಿಸಲಾಗದ ಪ್ರಶ್ನೆ: ಎಲ್ಲ ಮಕ್ಕಳ ಕೈಗೂ ಅದು ಸಿಗುತ್ತದೆಯೇ? ಇದಕ್ಕೆ ಪ್ರಜಾಪ್ರಭುತ್ವದ ಶಾಲೆ ಮಾತ್ರ ಉತ್ತರ ಕೊಡಬಲ್ಲದು. ದತ್ತಿಯ ವಿವೇಕ ಮತ್ತು ಇಲಾಖೆಯ ನ್ಯಾಯ ಎರಡೂ ಕೂಡಿದಾಗ ಮಾತ್ರ ಬೀರು ತೆರೆಯುತ್ತದೆ.

ಅಂಥ ಕೂಡಿಕೆಯನ್ನು ಒಂದು ಊರಿನ ಪ್ರೌಢಶಾಲೆಯಲ್ಲಿ ಕಂಡಿದ್ದೇನೆ. ಬೀರುವಿನ ಬೀಗದ ಕೈ ತರಗತಿಯ ಗೋಡೆಯ ಮೊಳೆಗೆ ಮಕ್ಕಳಿಗೆ ಎಟಕುವಂತೆ ತೂಗುತ್ತಿತ್ತು. ಪುಸ್ತಕದ ವಹಿಯನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆಯುತ್ತಿದ್ದಳು. ಮರಳಿ ಬಂದ ಪುಸ್ತಕಗಳ ಹಾಳೆಗಳಲ್ಲಿ ಅರಿಸಿನದ ಕಲೆಗಳಿದ್ದವು. ಅವು ಅಡುಗೆಮನೆಯಲ್ಲಿ ಯಾರೋ ಓದಿದ ಗುರುತುಗಳು. ವಹಿಯ ಕೊನೆಯ ಪುಟಗಳಲ್ಲಿ ‘ಒಡೆದದ್ದು’ ಎಂಬ ತಲೆಬರಹದ ಕೆಳಗೆ ಪ್ರನಾಳಗಳ ಲೆಕ್ಕವಿತ್ತು, ಅದರ ಎದುರಿಗೆ ‘ಮದುವೆ ಕಾಣಿಕೆಯಿಂದ ತಂದದ್ದು’ ಎಂಬ ಇನ್ನೊಂದು ಲೆಕ್ಕವಿತ್ತು. ಆ ಊರಿನವರು ಸಾಲೋಟಗಿಯ ಶಾಸನವನ್ನು ಓದಿದವರಲ್ಲ.

ಹಳೆಯ ಶಾಲೆಗಳ ದಾಸ್ತಾನು ವಹಿಗಳು, ಪುಸ್ತಕ ವಿತರಣೆಯ ವಹಿಗಳು, ಚೌಪದದ ಕೈಬರಹದ ಪ್ರತಿಗಳು ಇಂದು ರದ್ದಿಗೆ ಹೋಗುತ್ತಿವೆ. ಯಾವ ಪುಸ್ತಕವನ್ನು ಯಾವ ಮಗು ಯಾವ ದಿನ ಮನೆಗೆ ಒಯ್ದಿತು ಎಂಬುದಕ್ಕೆ ಅವುಗಳ ಹೊರತು ಬೇರೆ ಸಾಕ್ಷಿಯಿಲ್ಲ. ಶಾಸನಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಈ ವಹಿಗಳನ್ನೂ ಸಂಗ್ರಹಿಸುವ ಕಾರ್ಯ ಜಿಲ್ಲೆ ಜಿಲ್ಲೆಗಳಲ್ಲಿ ನಡೆಯಬೇಕಾಗಿದೆ.